ಎರಡನೇ ರಿಟರ್ನರ್ ಕೂಡ ಓಟಗಾರನೇ ಆಗಿರಬೇಕು

ಎಲ್ಲರಿಗೂ ನಮಸ್ಕಾರ. ಇವತ್ತು ಅಮೆರಿಕದ ಕಾಲೇಜ್ ಫುಟ್‌ಬಾಲ್ ಬಗ್ಗೆ ಮಾತಾಡೋಣ. ಅದರಲ್ಲೂ ಕಿಕಾಫ್ ಬಗ್ಗೆ, ಅಂದರೆ ಆಟ ಶುರು ಮಾಡಲು ಒಂದು ತಂಡ ಚೆಂಡನ್ನು ಎದುರಿನವರ ಕಡೆಗೆ ದೂರ ಒದೆಯುವುದರ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಚೆಂಡು ಹಿಡಿದು ಮುಂದಕ್ಕೆ ಓಡಲು ಹಿಂದೆ ನಿಲ್ಲುವ ಆ ಇಬ್ಬರು ಹುಡುಗರ, ಅಂದರೆ ರಿಟರ್ನರ್‌ಗಳ ಬಗ್ಗೆ.

ಎಷ್ಟೋ ತಂಡಗಳು ತಮ್ಮಲ್ಲಿರುವ ಒಬ್ಬ ಚಿರತೆಯಂಥ ಹುಡುಗನನ್ನು ಹಿಂದೆ ನಿಲ್ಲಿಸುತ್ತವೆ. ಅವನ ಪಕ್ಕದಲ್ಲಿ ಇನ್ನೊಬ್ಬ ನಿಂತಿರುತ್ತಾನೆ, ಗಟ್ಟಿಮುಟ್ಟಾಗಿರುತ್ತಾನೆ, ಆದರೆ ಓಟ ಅಷ್ಟಕ್ಕಷ್ಟೇ. ಅವನ ಕೆಲಸ ಏನು ಅಂದರೆ, ಚೆಂಡು ಚಿರತೆಗೆ ಸಿಕ್ಕ ಕೂಡಲೇ ಅವನ ಮುಂದೆ ಓಡಿ ದಾರಿ ಬಿಡಿಸುವುದು. ಇದು ತಪ್ಪು ಲೆಕ್ಕ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆ ಜಾಗದಲ್ಲೂ ಅಷ್ಟೇ ವೇಗದ ಇನ್ನೊಬ್ಬ ಇರಬೇಕು.

ಈಗಷ್ಟೇ ಅಮೆರಿಕಕ್ಕೆ ಓದಲು ಹೋಗಿ ಈ ಆಟ ನೋಡಲು ಶುರು ಮಾಡಿದವರಿಗೆ ಒಂದೆರಡು ಮಾತು. ಒದೆಯುವ ತಂಡ ತನ್ನ 35 ಯಾರ್ಡ್ ಗೆರೆಯಿಂದ, ಅಂದರೆ ತನ್ನ ಗೋಲ್ ಗೆರೆಯಿಂದ 35 ಯಾರ್ಡ್ ಮುಂದಿನಿಂದ ಒದೆಯುತ್ತದೆ. ಅಲ್ಲಿಂದ ಎದುರಿನವರ ಗೋಲ್ ಗೆರೆಗೆ 65 ಯಾರ್ಡ್, ಅದರ ಹಿಂದೆ 10 ಯಾರ್ಡ್ ಎಂಡ್ ಝೋನ್. ಚೆಂಡು ಎಂಡ್ ಝೋನ್ ದಾಟಿ ಹೋದರೆ, ಅಥವಾ ಅಲ್ಲೇ ಹಿಡಿದು ಕೂತರೆ ಟಚ್‌ಬ್ಯಾಕ್, 25ನೇ ಯಾರ್ಡಿನಿಂದ ಆಟ ಶುರು. ಮೈದಾನದ ಅಗಲ 53 ಯಾರ್ಡ್‌ಗಿಂತ ಸ್ವಲ್ಪ ಜಾಸ್ತಿ. ಈ ಅಗಲವನ್ನು ನೆನಪಿಟ್ಟುಕೊಳ್ಳಿ, ನನ್ನ ವಾದವೆಲ್ಲ ಇದರ ಮೇಲೇ ನಿಂತಿದೆ.

ನಮಗೆಲ್ಲ ಗೊತ್ತಿರುವ ಕ್ರಿಕೆಟ್‌ಗೆ ಬನ್ನಿ. ಒಂದು ಕಡೆ ದ್ರಾವಿಡ್ ಬೇರು ಬಿಟ್ಟು ನಿಂತಿದ್ದಾರೆ, ಇನ್ನೊಂದು ಕಡೆ ಹನ್ನೊಂದನೇ ನಂಬರಿನ ಬಾಲಂಗೋಚಿ. ಎದುರಾಳಿ ಕ್ಯಾಪ್ಟನ್ ಏನು ಮಾಡುತ್ತಾನೆ? ಫೀಲ್ಡರ್‌ಗಳನ್ನೆಲ್ಲ ಬೌಂಡರಿಗೆ ಕಳಿಸಿ, ದ್ರಾವಿಡ್‌ಗೆ ಒಂದು ರನ್ ಸುಮ್ನೆ ಬಿಟ್ಟುಕೊಟ್ಟು, ಬಾಲಂಗೋಚಿಯನ್ನು ಸ್ಟ್ರೈಕ್‌ಗೆ ತರುತ್ತಾನೆ. ದ್ರಾವಿಡ್ ಎಷ್ಟೇ ಚೆನ್ನಾಗಿ ಆಡುತ್ತಿದ್ದರೂ ಏನು ಬಂತು, ಚೆಂಡು ಅವರಿಗೆ ಸಿಗಬೇಕಲ್ಲ! ಕಿಕಾಫ್‌ನಲ್ಲೂ ಆಗುವುದು ಇದೇ. ಒದೆಯುವವನು ತಲೆ ಎತ್ತಿ ನೋಡುತ್ತಾನೆ, ಚಿರತೆ ಎಡಗಡೆ ಇದ್ದರೆ ಬಲಗಡೆ ಮೂಲೆಗೆ ಒದೆಯುತ್ತಾನೆ. ಚೆಂಡು ನಿಧಾನದ ಹುಡುಗನ ಕೈಗೆ ಬೀಳುತ್ತದೆ, ಅವನು 20ನೇ ಯಾರ್ಡಿನ ಆಸುಪಾಸಿನಲ್ಲಿ ಕೆಳಗೆ ಬೀಳುತ್ತಾನೆ. ಚಿರತೆ ಆ ಕಡೆ ಸುಮ್ನೆ ನಿಂತಿರುತ್ತಾನೆ.

ಇಬ್ಬರೂ ವೇಗದವರಾದರೆ ಒಬ್ಬೊಬ್ಬನಿಗೂ ಸುಮಾರು 26-27 ಯಾರ್ಡ್ ಅಗಲ. ಯಾವ ಮೂಲೆಗೆ ಒದ್ದರೂ ಅಲ್ಲೊಬ್ಬ ಓಡುವವನಿದ್ದಾನೆ. ಒದೆಯುವವನಿಗೆ ತಪ್ಪಿಸಿಕೊಳ್ಳಲು ಜಾಗ ಇಲ್ಲ. ತೀರಾ ಗೆರೆಯ ಅಂಚಿಗೆ ಗುರಿ ಇಟ್ಟು ಚೆಂಡು ಹೊರಗೆ ಹೋದರೆ ಎದುರಿನವರಿಗೆ 35ನೇ ಯಾರ್ಡಿನಲ್ಲಿ ಚೆಂಡು ಸಿಗುತ್ತದೆ, ಅಂದರೆ ಟಚ್‌ಬ್ಯಾಕ್‌ಗಿಂತ 10 ಯಾರ್ಡ್ ಜಾಸ್ತಿ. ಆ ಭಯದಲ್ಲಿ ಒದೆಯುವವನ ಕಾಲು ತಡವರಿಸಿದರೂ ಎರಡನೇ ಹುಡುಗ ತನ್ನ ಕೆಲಸ ಮಾಡಿದ ಹಾಗೆಯೇ. ಅವನು ಚೆಂಡು ಮುಟ್ಟಬೇಕಾಗಿಯೂ ಇಲ್ಲ.

1989ರ ಸೆಪ್ಟೆಂಬರ್‌ನಲ್ಲಿ ಆನ್ ಆರ್ಬರ್‌ನಲ್ಲಿ ನಡೆದ ನೋಟರ್ ಡೇಮ್ ಮತ್ತು ಮಿಷಿಗನ್ ಪಂದ್ಯ ನೋಡಿ. ನೋಟರ್ ಡೇಮ್ ಒಂದನೇ ರ‍್ಯಾಂಕ್, ಮಿಷಿಗನ್ ಎರಡನೇ ರ‍್ಯಾಂಕ್. ದ್ವಿತೀಯಾರ್ಧದ ಮೊದಲ ಕಿಕ್ ಅನ್ನು ರಾಗಿಬ್ ಇಸ್ಮಾಯಿಲ್, ಎಲ್ಲರೂ ರಾಕೆಟ್ ಅಂತ ಕರೆಯುತ್ತಿದ್ದ ಹುಡುಗ, 88 ಯಾರ್ಡ್ ಓಡಿ ಎದುರಿನವರ ಎಂಡ್ ಝೋನ್ ಮುಟ್ಟಿ ಟಚ್‌ಡೌನ್ ಮಾಡಿದ. ಮಿಷಿಗನ್ ಬಿಟ್ಟುಕೊಟ್ಟ ಅಂಥ ಟಚ್‌ಡೌನ್ ಅದಕ್ಕೂ ಮೊದಲು 1957ರಲ್ಲಿ ಆಗಿತ್ತು! ನಾಲ್ಕನೇ ಕ್ವಾರ್ಟರ್‌ನಲ್ಲಿ ಮಿಷಿಗನ್ ಮತ್ತೆ ಅವನಿಗೇ ಒದೆಯಿತು. ಈ ಸಲ 92 ಯಾರ್ಡ್. ನೋಟರ್ ಡೇಮ್ 24-19ಕ್ಕೆ ಗೆದ್ದಿತು. ಇವತ್ತು ಯಾವ ಕೋಚ್ ಆದರೂ ಎರಡನೇ ಸಲ ಅವನ ಕಡೆ ಒದೆಯಲು ಬಿಡುತ್ತಾರಾ? ಖಂಡಿತ ಇಲ್ಲ. ಚೆಂಡು ಇನ್ನೊಂದು ಕಡೆಯವನಿಗೆ ಹೋಗುತ್ತದೆ. ಹಾಗಾದರೆ ಆ ಕಡೆ ಯಾರಿದ್ದಾನೆ ಅನ್ನುವುದೇ ಇವತ್ತಿನ ಪ್ರಶ್ನೆ, ಅಲ್ವಾ?

ಮುಂದೆ ಓಡಿ ತಡೆಯುವವನು ಬೇಡವಾ ಅಂತ ಕೇಳಬಹುದು. ಒಂದು ಕಾಲದಲ್ಲಿ ಬೇಕಾಗಿತ್ತು. ಮೂವರು, ಇಬ್ಬರು ಭುಜಕ್ಕೆ ಭುಜ ಕೊಟ್ಟು ಗೋಡೆಯ ಹಾಗೆ ಮುಂದೆ ನುಗ್ಗುತ್ತಿದ್ದರು, ಅವರ ಹಿಂದೆ ಚೆಂಡು ಹಿಡಿದವನು ಬರುತ್ತಿದ್ದ. ಹುಡುಗರ ತಲೆಗೆ, ಕುತ್ತಿಗೆಗೆ ಪೆಟ್ಟಾಗುತ್ತದೆ ಅಂತ ಕಾಲೇಜ್ ನಿಯಮ ಮೊದಲು ಮೂವರ ಗೋಡೆಯನ್ನು ನಿಲ್ಲಿಸಿತು, ಆಮೇಲೆ 2019ರಲ್ಲಿ ಇಬ್ಬರ ಗೋಡೆಯನ್ನೂ ನಿಲ್ಲಿಸಿತು. ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೋಡೆ ಹೋದ ಮೇಲೂ ಗೋಡೆ ಕಟ್ಟುವವನನ್ನು ಹಿಂದೆ ಯಾಕೆ ನಿಲ್ಲಿಸಬೇಕು? ವೇಗದ ಹುಡುಗನೂ ಬರುತ್ತಿರುವವನ ದಾರಿಗೆ ಒಂದು ಕ್ಷಣ ಅಡ್ಡ ಬಂದರೆ ಸಾಕು. ಉಳಿದದ್ದನ್ನು ಓಡುವವನು ನೋಡಿಕೊಳ್ಳುತ್ತಾನೆ.

ಇನ್ನೊಂದು ಆಕ್ಷೇಪಕ್ಕೆ ಜಾಸ್ತಿ ತೂಕ ಇದೆ. 2018ರಿಂದ, 25 ಯಾರ್ಡ್ ಒಳಗೆ ಎಲ್ಲಿ ಕೈ ಆಡಿಸಿ ಫೇರ್ ಕ್ಯಾಚ್ ಹಿಡಿದರೂ, ಅಂದರೆ ಓಡುವುದಿಲ್ಲ ಅಂತ ತೋರಿಸಿ ಹಿಡಿದರೂ, ಚೆಂಡು 25ಕ್ಕೇ ಬರುತ್ತದೆ. ಹಾಗಾಗಿ ಓಡುವ ಅವಕಾಶಗಳೇ ಕಡಿಮೆಯಾಗಿವೆ. ನಿಜ, ಒಪ್ಪುತ್ತೇನೆ. ಆದರೆ ಎಲ್ಲ ಕಾಲೇಜ್ ತಂಡದಲ್ಲೂ ಎಂಡ್ ಝೋನ್ ದಾಟಿಸುವ ಕಾಲು ಇರುವುದಿಲ್ಲ. ನವೆಂಬರ್ ಚಳಿ, ಎದುರುಗಾಳಿ ಇದ್ದರೆ ಒಳ್ಳೆಯವನ ಕಿಕ್ ಕೂಡ ಮೊದಲೇ ಬೀಳುತ್ತದೆ. ಇನ್ನು ನೆಲಕ್ಕೆ ಬಡಿದು ಪುಟಿಯುತ್ತಾ ಬರುವ ಸ್ಕ್ವಿಬ್ ಕಿಕ್ ಇದೆಯಲ್ಲ, ಚೆಂಡು ಒಮ್ಮೆ ನೆಲ ಮುಟ್ಟಿತು ಅಂದರೆ ಫೇರ್ ಕ್ಯಾಚ್ ಇಲ್ಲ. ಅಂಥ ಕಿಕ್ ಅನ್ನು ನಿಧಾನದವನ ಕಡೆಗೇ ಉರುಳಿಸುತ್ತಾರೆ. ಅವಕಾಶ ಕಡಿಮೆ ಇದೆ ಅಂತಲೇ, ಸಿಕ್ಕ ಒಂದನ್ನು ಕೈಬಿಡಬಾರದು ಅನ್ನುತ್ತೇನೆ ನಾನು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2024ರಲ್ಲಿ ಕಿಕಾಫ್ ನಿಯಮವನ್ನೇ ಬದಲಾಯಿಸಿತು. ಗೋಲ್ ಗೆರೆಗೂ 20 ಯಾರ್ಡ್ ಗೆರೆಗೂ ನಡುವೆ ಬಿದ್ದ ಚೆಂಡನ್ನು ತೆಗೆದುಕೊಂಡು ಓಡಲೇಬೇಕು. ಹಿಂದಿನ ವರ್ಷ ನೂರರಲ್ಲಿ ಸುಮಾರು 22 ಕಿಕ್‌ಗಳಷ್ಟೇ ಓಟ ಆಗುತ್ತಿದ್ದವು, ಆ ವರ್ಷ ಅದು ಸುಮಾರು 33ಕ್ಕೆ ಏರಿತು. ಅಲ್ಲಿ ಹಿಂದೆ ಇಬ್ಬರು ನಿಲ್ಲುವುದು ಈಗ ಮಾಮೂಲಿ. ಕಾಲೇಜಿನಲ್ಲೇ ಈ ಕೆಲಸ ಕಲಿತು ಹೋದ ಹುಡುಗನಿಗೆ ಮುಂದೆ ಅದೇ ಅನ್ನ ಕೊಡಬಹುದು.

ವೇಗದ ಹುಡುಗನನ್ನು ಕಿಕಾಫ್‌ಗೆ ನಿಲ್ಲಿಸಿದರೆ ಪೆಟ್ಟಾಗುತ್ತದೆ ಅನ್ನುವ ಮಾತು ಬಂದಾಗ ಎಲ್ಲರೂ 2007ರ ಜನವರಿಯ ಚಾಂಪಿಯನ್‌ಶಿಪ್ ಪಂದ್ಯ ಎತ್ತುತ್ತಾರೆ. ಓಹಾಯೋ ಸ್ಟೇಟ್‌ನ ಟೆಡ್ ಗಿನ್ ಮೊದಲ ಕಿಕ್ ಅನ್ನೇ 93 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ, ಪಾದಕ್ಕೆ ಪೆಟ್ಟಾಗಿ ಹೊರಗೆ ಹೋದ, ಫ್ಲಾರಿಡಾ 41-14ಕ್ಕೆ ಗೆದ್ದಿತು. ಆದರೆ ಆ ಪೆಟ್ಟಾಗಿದ್ದು ಓಡುವಾಗ ಅಲ್ಲ. ಟಚ್‌ಡೌನ್ ಆದ ಮೇಲೆ, ಸಂಭ್ರಮದಲ್ಲಿ ಜೊತೆಯವರೆಲ್ಲ ಅವನ ಮೇಲೆ ಬಿದ್ದಾಗ!

ಇಬ್ಬರನ್ನು ನಿಲ್ಲಿಸುವುದರಲ್ಲಿ ನಿಜವಾದ ಅಪಾಯ ಬೇರೆ. ಚೆಂಡು ಇಬ್ಬರ ನಡುವೆ ಬಂದಾಗ ಯಾರು ಹಿಡಿಯಬೇಕು? 1999ರಲ್ಲಿ ಕ್ಯಾಂಡಿಯಲ್ಲಿ ಸ್ಟೀವ್ ವಾ ಮತ್ತು ಗಿಲೆಸ್ಪಿ ಒಂದೇ ಕ್ಯಾಚ್‌ಗೆ ಓಡಿ ಡಿಕ್ಕಿ ಹೊಡೆದಿದ್ದು ನೆನಪಿದೆಯಾ? ಒಬ್ಬರ ಮೂಗು ಮುರಿಯಿತು, ಇನ್ನೊಬ್ಬರ ಕಾಲು ಮುರಿಯಿತು. ಕಿಕ್ ಗಾಳಿಯಲ್ಲಿ ಇರುವುದೇ 4 ಸೆಕೆಂಡ್ ಆಸುಪಾಸು. ಅಷ್ಟರಲ್ಲಿ ಒಬ್ಬ "ನಂದು" ಅಂತ ಕೂಗಬೇಕು, ಇನ್ನೊಬ್ಬ ಕೂಡಲೇ ಮುಂದೆ ಹೋಗಬೇಕು. ಹತ್ತಾರು ಸಾವಿರ ಜನ ಕಿರುಚುತ್ತಿರುವಾಗ ಆ ಕೂಗು ಕೇಳಿಸುವುದಿಲ್ಲ. ಹಾಗಾಗಿ ನಡುವಿನ ಚೆಂಡು ಯಾವಾಗಲೂ ಇಂಥವನದೇ ಅಂತ ಮೊದಲೇ ತೀರ್ಮಾನ ಆಗಿರಬೇಕು. ವಾರವಿಡೀ ಅಭ್ಯಾಸ ಬೇಕು. ಕೋಚ್‌ಗಳು ಇದಕ್ಕೆ ಸಮಯ ಕೊಡುವುದಿಲ್ಲ ಅನ್ನುವುದೇ ನನ್ನ ದೊಡ್ಡ ಬೇಸರ.

ಆ ಎರಡನೇ ಹುಡುಗ ಎಲ್ಲಿಂದ ಬರಬೇಕು ಅಂತ ಕೇಳಿದರೆ, ಬೆಂಚಿನ ಮೇಲೆ ನೋಡಿ. ಮೊದಲ ವರ್ಷದ ಹುಡುಗರು. ಜಾರ್ಜಿಯಾದ ಟಾಡ್ ಗರ್ಲಿ 2012ರಲ್ಲಿ ತನ್ನ ಮೊದಲ ಕಾಲೇಜ್ ಪಂದ್ಯದಲ್ಲೇ ಬಫಲೋ ವಿರುದ್ಧ 100 ಯಾರ್ಡ್ ಓಡಿದ. ಯುಎಸ್‌ಸಿ ವಿಶ್ವವಿದ್ಯಾಲಯದ ಜಕರಾಯಾ ಬ್ರಾಂಚ್ 2023ರಲ್ಲಿ ತನ್ನ ಮೊದಲ ಪಂದ್ಯದಲ್ಲಿ ಸ್ಯಾನ್ ಹೋಸೆ ಸ್ಟೇಟ್ ವಿರುದ್ಧ 96 ಯಾರ್ಡ್. ತಂಡದ ಆಟದ ತಂತ್ರಗಳನ್ನು ಪೂರ್ತಿ ಕಲಿಯಲು ಅಂಥವರಿಗೆ ಒಂದು ವರ್ಷ ಬೇಕಾಗಬಹುದು, ಎದುರಿನವರನ್ನು ಅಡ್ಡ ನಿಂತು ತಡೆಯಲು ಮೈ ಇನ್ನೂ ತುಂಬಿರುವುದಿಲ್ಲ. ಆದರೆ ಚೆಂಡು ಹಿಡಿದು ಓಡುವುದನ್ನು ಅವರು ಊರಿನ ಹೈಸ್ಕೂಲ್ ಮೈದಾನದಲ್ಲೇ ಕಲಿತು ಬಂದಿರುತ್ತಾರೆ. ಸೀಸನ್ನಿನ ಮೊದಲ ಶನಿವಾರದ ಪಂದ್ಯದಿಂದಲೇ ಅವರನ್ನು ಆ ಎರಡನೇ ಜಾಗಕ್ಕೆ ಕಳಿಸಿ.