ನಾ ಡ್ರಾಕುಲಾ ಆಗಿದ್ದೆ, ಆ ಮಖಮಲ್ಲು ಇನ್ನೂ ಅವ್ವನ ಟ್ರಂಕಿನ್ಯಾಗ ಐತಿ

ನಮಸ್ಕಾರ ರೀ ಎಲ್ಲಾರಿಗೂ. ಇದು ಅವ್ವನ ಟ್ರಂಕು. ಸೀದಾ ತಳಕ್ಕ ಹೋಗೂಣು. ಇಳಕಲ್ ಸೀರಿ, ಕೌದಿ, ಮತ್ತೊಂದು ಕೌದಿ… ಹಾಂ, ಸಿಕ್ತು ನೋಡ್ರಿ. ಕರೇ ಮಖಮಲ್ಲು, ಒಳಗ ಕೆಂಪು ಸಾಟಿನ್, ಅಂಚಿಗೆ ಜರಿ. ಹದಿನಾಲ್ಕು ವರ್ಷದ ಹಿಂದ, ಕರ್ನಾಟಕ ವಿಶ್ವವಿದ್ಯಾಲಯದಾಗ ಎಂ.ಎ. ಓದೂವಾಗ, ಇದನ್ನ ಬೆನ್ನಿಗೆ ಕಟಗೊಂಡು ನಾ ಡ್ರಾಕುಲಾ, ಅಂದ್ರ ರಕ್ತ ಹೀರೂ ಪ್ರೇತದ ಪಾರ್ಟು ಮಾಡಿದ್ದೆ. ಹೌದು, ನಾನ. ಹೆಣ್ಣುಮಗಳು ಯಾಕ ಅಂತ ಆವಾಗೂ ಕೇಳಿದ್ರು. ನಮ್ಮ ಬ್ಯಾಚಿನ್ಯಾಗ ನನಕಿಂತ ಎತ್ತರದವರು ಇರಲಿಲ್ಲ, ಅಷ್ಟ. ನಮ್ಮ ಕಡೆ ಏಣಗಿ ಬಾಳಪ್ಪನವರಂಥವರು ಹೆಣ್ಣಿನ ಪಾರ್ಟು ಮಾಡಿ ಹೆಸರಾದವರು. ಗಂಡಸು ಸೀರಿ ಉಟ್ರ ಕಲಾ ಅಂತೀವಿ, ಹೆಣ್ಣು ಮಖಮಲ್ಲು ಹೊದ್ರ ಯಾಕ ಪ್ರಶ್ನೆ ಬರಬೇಕು?

ಇದು ಚಿಗರಿ ಬಸ್ಸು. ಹುಬ್ಬಳ್ಳಿಯಿಂದ ಧಾರವಾಡಕ್ಕ ಹೊಂಟೇನಿ, ಇಪ್ಪತ್ತು ಕಿಲೋಮೀಟರು, ಕುಂತು ಮಾತಾಡೂಣು. ಚೀಲದಾಗ ಇದ ಮಖಮಲ್ಲು ಐತಿ, ಯಾಕ ಒಯ್ಯಾಕತ್ತೇನಿ ಅಂತ ಆಮ್ಯಾಲ ಹೇಳ್ತೀನಿ. ಈ ಕಾಲರ್ ನೋಡ್ರಿ, ಕಿವಿ ಮ್ಯಾಲ ಬರ್ತೈತಿ. ಬ್ರಾಮ್ ಸ್ಟೋಕರನ ಕಾದಂಬರಿ ಬಂದಿದ್ದು 1897ರೊಳಗ, ಅದರಾಗ ಇಂಥಾ ಕಾಲರ್ ಇಲ್ಲ. ಇದು ರಂಗದ ಮ್ಯಾಲ ಹುಟ್ಟಿದ್ದು. 1924ರೊಳಗ ಇಂಗ್ಲೆಂಡಿನ ಡರ್ಬಿ ಊರಾಗ ಹ್ಯಾಮಿಲ್ಟನ್ ಡೀನ್ ಅನ್ನಾವ್ರು ಡ್ರಾಕುಲಾ ನಾಟಕ ಮಾಡಿಸಿದ್ರು. ನಟ ಮಂದಿಗೆ ಬೆನ್ನ ಮಾಡಿ ನಿಲ್ಲಾಂವ. ಕಾಲರ್ ತಲಿ ಮರಿ ಮಾಡಿರ್ತಿತ್ತು, ಅವ ನೆಲದಾಗಿನ ಬಾಗಲದಿಂದ ಕೆಳಗ ಜಾರಿಬಿಡಾಂವ, ಹಿಡಕೊಂಡವರ ಕೈಯಾಗ ಬರೇ ಬಟ್ಟಿ ಉಳೀತಿತ್ತು. ಎಷ್ಟ ಚಂದ ಉಪಾಯ! ನಮ್ಮ ಸಭಾಭವನದಾಗ ನೆಲದ ಬಾಗಲಾ ಎಲ್ಲಿಂದ ಬರಬೇಕು? ಆದ್ರೂ ಕಾಲರ್ ಬೇಕ ಬೇಕು ಅಂತ ನಾ ಹಟಾ ಹಿಡದಿದ್ದೆ. ಟೇಲರು ಅಂಗಿ ಕಾಲರಿಗೆ ಹಾಕೂ ಕ್ಯಾನ್ವಾಸ್ ಎರಡು ಪದರು ಇಟ್ಟು ನಾನ ಹೊಲದಿದ್ದು ಇದು.

ಜುಬಿಲಿ ಸರ್ಕಲ್ ಬಂತು, ಇಳೀಬೇಕು.

ಇದು ಯುನಿವರ್ಸಿಟಿ. ಛೋಟಾ ಮಹಾಬಳೇಶ್ವರ ಗುಡ್ಡ, ಮ್ಯಾಲ ಕಾಣೂದು ಮುಖ್ಯ ಕಟ್ಟಡ. ಗಾಳಿ ಭಾಳ ಐತಿ, ಅದಕ್ಕ ಈ ದನಿ ಮನಿಗೆ ಬಂದು ಸೇರಿಸೇನಿ. ನಾವು ತಾಲೀಮು ಮಾಡ್ತಿದ್ದದ್ದು ಈ ಗಿಡದ ಕೆಳಗ, ಸಂಜಿ ಐದರಿಂದ ದೀಪ ಹಚ್ಚೂತನಕ. ಮೊದಲ ಹದಿನೈದು ದಿನ ನಾ ಬರೇ ಒದರ್ತಿದ್ದೆ. ಕಂಪನಿ ನಾಟಕದ ಖಳನಾಯಕ ತಲ್ಯಾಗ ಕುಂತಿದ್ದ, ಎದಿ ಉಬ್ಬಿಸೂದು, ಗಹಗಹಿಸಿ ನಗೂದು.

ಅದನ್ನ ಬಿಡಿಸಿದವರು ಬಣ್ಣ ಹಚ್ಚೂ ಕಾಕಾ. ಹಿಂದಕ ನಾಟಕ ಕಂಪನಿ ಜೋಡಿ ಊರೂರು ತಿರುಗಿದವರು. ಝಿಂಕ್ ಪೌಡರ್‌ನ ಅಂಗೈಯಾಗ ಕೊಬ್ಬರಿ ಎಣ್ಣಿ ಹಾಕಿ ಕಲಸ್ಕೋತ, ನನ್ನ ಮಾರಿ ನೋಡದ ಅಂದ್ರು: “ತಂಗೀ, ಒದರಬ್ಯಾಡ. ಕೀಚಕ ಒದರ್ತಾನ, ಅವಗ ಜೀವ ಐತಿ. ಇಂವಾ ಸತ್ತಾಂವ. ಸತ್ತಾಂವಗ ಉಸರ ಇಲ್ಲ, ಒದರೂದು ಎಲ್ಲಿಂದ?” ಅವತ್ತ ರಾತ್ರಿ ಹಾಸ್ಟೆಲಿನ ಟೆರೇಸಿಗೆ ಹೋಗಿ ಪೂರ್ತಿ ಉಸರು ಹೊರಗ ಬಿಟ್ಟು, ಉಳದ ಚೂರಿನ್ಯಾಗ ಮಾತು ಹೇಳಿ ನೋಡಿದೆ. ಒಂದ ಸಾಲು, ಮತ್ತ ಉಸರು, ಮತ್ತ ಖಾಲಿ. ಬಾಜೂಕ ಬಟ್ಟಿ ಒಣಾ ಹಾಕಾಕತ್ತಿದ್ದ ಗೆಳತಿ ಕೈ ನಿಂದರಿಸಿ ನನ್ನ ಕಡೆ ನೋಡಿದ್ಲು. ಸಿಕ್ತು ಅಂತ ಆವಾಗ ಗೊತ್ತಾತು.

ಕೋರೆಹಲ್ಲಿನ ವಿಷಯಾನೂ ಹೇಳಬೇಕು. ಅಕ್ರಿಲಿಕ್ಕಿನ ಜೋಡಿ, ಮುನ್ನೂರು ರೂಪಾಯಿ. ಹಾಕ್ಕೊಂಡ ಮ್ಯಾಲ ತುಟಿ ಕೂಡಲಿಲ್ಲ. “ಪರದೆ ಸರಿಸು” ಅನ್ನಾಕ ಹೋದ್ರ “ಹರದೆ ಸರಿಸು”, ಪೆಟ್ಟಿಗಿ ಹೋಗಿ ಹೆಟ್ಟಿಗಿ. ನಾವು ಕನ್ನಡ ಎಂ.ಎ.ದವರು. ಹಳಗನ್ನಡದ ಪಾಲು ಹಾಲು ಆದದ್ದು, ಪೂ ಹೂ ಆದದ್ದು ಅದ ವಾರ ಕ್ಲಾಸಿನ್ಯಾಗ ನಡದಿತ್ತು. ಶತಮಾನ ಹಿಡದ ಆ ಬದಲಾವಣಿ ನನ್ನ ಬಾಯಾಗ ಒಂದ ಸಂಜಿಗೆ ಆತು. ಕಡೀಗೆ ಹಲ್ಲು ಬರೇ ಕೊನೇ ಸೀನಿಗೆ ಇಟ್ವಿ. ಒಳ್ಳೇದ ಆತು. ಮೊದಲಿಂದ ಹಲ್ಲು ತೋರಿಸಿದ್ರ ಅಂಜಿಕಿ ಎಲ್ಲಿ ಉಳೀತೈತಿ?

ಈಗ ನಾಟಕದ ದಿನ. ಅದರ ಒಂದೂ ವಿಡಿಯೋ ನನ್ನ ಹತ್ರ ಇಲ್ಲ, ಅದಕ್ಕ ಈ ಮಖಮಲ್ಲಿನ ಮ್ಯಾಲ ಕ್ಯಾಮೆರಾ ಇಟ್ಟೇನಿ. ಇಲ್ಲಿ, ಈ ಕಂದು ಕಲಿ ಕಾಣ್ತೈತಿ? ಇದು ನಮ್ಮ ರಕ್ತ. ಜೋನಿಬೆಲ್ಲಕ್ಕ ಕುಂಕುಮ ಕಲಿಸಿದ್ವಿ. ಬಣ್ಣ ಅಂದ್ರ ಬಣ್ಣ, ದೀಪದ ಬೆಳಕಿಗೆ ಖರೇ ರಕ್ತದಂಗ ನಿಧಾನಕ್ಕ ಇಳೀತಿತ್ತು. ಬ್ಯಾಡಗಿ ಹುಡುಗಿಯೊಬ್ಬಾಕಿ ತಮ್ಮೂರ ಮೆಣಸಿನಕಾಯಿ ಬಣ್ಣ ಹಾಕೂಣು ಅಂದಿದ್ಲು. ಅದು ಕೆಂಪಿಗೇ ಹೆಸರಾದದ್ದು ಖರೆ, ಆದ್ರ ತುಟಿಗೆ ಹಚ್ಚೂದು ನಾನು, ಬ್ಯಾಡಂದೆ. ಮೊದಲನೇ ಅಂಕ ಮುಗದ ಮ್ಯಾಲ ಬಾಯಿ ಒರಸ್ಕೊಂಡು, ಇದನ್ನ ವಿಂಗಿನ್ಯಾಗ ಮೊಳಿಗೆ ತೂಗ ಹಾಕಿ ಚಾ ಕುಡ್ಯಾಕ ಹೋದೆ. ಹತ್ತ ನಿಮಿಷ, ಹೆಚ್ಚಿಗಿಲ್ಲ.

ಎರಡನೇ ಅಂಕ ಸುರು ಆಗೂದ ಪೆಟ್ಟಿಗಿಯೊಳಗ. ಮಲಕೊಂಡೆ, ಪಡದೆ ಸರೀತು, ಕುತ್ತಿಗಿ ಹತ್ರ ಚುರ್ ಅಂತು. ಆಮ್ಯಾಲ ಕಿವಿ ಹಿಂದ. ಕೆಂಪಿರುವಿ. ಬೆಲ್ಲದ ವಾಸನಿ ಹಿಡದು ಮೊಳಿಯಿಂದ ಇಳದು ಕ್ಯಾನ್ವಾಸ್ ಪದರಿನ್ಯಾಗ ಸೇರಕೊಂಡಿದ್ವು. ನಾ ಹೊಲದ ಕಾಲರು, ಎರಡು ಪದರು, ನಡುವ ಸಂದು. ನನ್ನ ಮಾತು ಬರಾಕ ಇನ್ನ ಆರು ನಿಮಿಷ ಇತ್ತು, ಸತ್ತಾಂವ ಅಲಗ್ಯಾಡಂಗಿಲ್ಲ. ರೆಪ್ಪಿ ಮುಚ್ಚಿದ್ದೆ, ಕಣ್ಣೀರು ಕಿವಿಗೆ ಹರೀತಿತ್ತು, ಅದರ ಮ್ಯಾಲ ಒಂದು ಇರುವಿ ನಡಕೋತ ತುಟಿ ತನಕ ಬಂತು. ತುಟಿಗೂ ಬೆಲ್ಲ. ಕೈಯಾಗ ಸಾಟಿನ್ ಮುದ್ದಿ ಮಾಡಿ ಹಿಡಕೊಂಡಿದ್ದೆ, ಉಗುರು ಒಳಗ ಹೋದ ಗುರ್ತು ಇಲ್ಲೈತಿ ನೋಡ್ರಿ, ಎಳಿ ಕಿತ್ತೈತಿ. ಪ್ರೊಫೆಸರ್ ಪಾರ್ಟು ಮಾಡಿದ ಹುಡುಗ ಬಗ್ಗಿ ನೋಡಿದ. ಅವನ ಮಾತಿನ್ಯಾಗ ಇಲ್ಲದ ಕೆಲಸ ಮಾಡಿದ: ಡ್ರಾಕುಲಾನ್ನ ಅಂಜಿಸಾಕ ಕೈಯಾಗ ಹಿಡದಿದ್ದ ಬಳ್ಳೊಳ್ಳಿ ಸರಾ ನನ್ನ ಮಾರಿ ಮ್ಯಾಲ ಸಾವಕಾಶ ಎಳದ. ಇರುವಿ ಸರದ ಜೋಡಿ ಹೋತು. ಕುಂತ ಮಂದಿ ಅದು ಮಂತ್ರದಂಥಾದ್ದೇನೋ ಅಂದ್ಕೊಂಡು ಚಪ್ಪಾಳಿ ಹೊಡದ್ರು. ಅವನ ಉಪಕಾರ ನಾ ಇವತ್ತೂ ಮರತಿಲ್ಲ. ಎರಡು ಕಿಲೋ ಬಳ್ಳೊಳ್ಳಿ ಆಮ್ಯಾಲ ಹಾಸ್ಟೆಲಿನ ಅಕ್ಕಾರು ಖಾರಾ ಕುಟ್ಟಿದ್ರು, ರೊಟ್ಟಿ ಜೋಡಿ ಒಂದು ವಾರ ಬಂತು.

ಡ್ರೆಸ್ಸಿನ ಅಂಗಡಿ ಮಾತು. ಈ ಮಖಮಲ್ಲಿನ ಬಾಡಗಿ ನಾಲ್ಕನೂರು, ಡಿಪಾಜಿಟ್ಟು ಹದಿನೈದನೂರು. ವಾಪಸ್ ಕೊಡಾಕ ಹೋದ್ರ ಕಲಿ ನೋಡಿ, ಕಾಲರ್ ನೋಡಿ, “ದುರ್ಯೋಧನಗ ಕೊಡೂ ಬಟ್ಟಿ ಇದು, ಇನ್ನ ಯಾರು ಉಡ್ತಾರ? ನೀವ ಇಟ್ಕೊಳ್ರಿ” ಅಂದು ರೊಕ್ಕ ಪೂರಾ ಮುರಕೊಂಡ್ರು. ಅದು ನನ್ನ ಪರೀಕ್ಷಾ ಫೀ ಕಟ್ಟೂ ರೊಕ್ಕ. ಜಿಗುಟು ಮನಿಷಾ ಅಂತ ವರ್ಷಗಟ್ಟಲೆ ಬೈದೇನಿ. ಈಗ ಹೊಲಗಿ ಮಾಡೂ ಮಂದಿ ನಡುವ ಇದ್ದು ಮಖಮಲ್ಲಿನ ರೇಟು ಗೊತ್ತಾದ ಮ್ಯಾಲ ಅನಸ್ತೈತಿ, ಅರ್ಧ ಮುರಕೊಂಡಿದ್ರ ನ್ಯಾಯ ಇತ್ತು. ಪೂರಾ ತಪ್ಪು.

ದುರ್ಯೋಧನನ ಬಟ್ಟಿ ಅಂತ ಆವಾಗ ಭಾಳ ನಾಚಿಕಿ ಆಗಿತ್ತು. ಜರಿ ಅಂಚಿನ ಡ್ರಾಕುಲಾ ಎಲ್ಲ್ಯಾರ ಇರ್ತಾನೇನು? ಆಮ್ಯಾಲ ಓದಿದೆ: 1820ರೊಳಗ ಲಂಡನ್ನಿನ್ಯಾಗ ಪ್ಲಾಂಚೆ ಅನ್ನಾವ್ರು ವ್ಯಾಂಪೈರ್, ಅಂದ್ರ ಇಂಥಾದ್ದ ರಕ್ತ ಹೀರೂ ಪ್ರೇತದ ನಾಟಕ ಬರದ್ರು, ಕಥಿ ನಡಿಯೂದು ಸ್ಕಾಟ್ಲೆಂಡಿನ್ಯಾಗ. ಅಲ್ಲಿ ಇಂಥಾ ನಂಬಿಕಿ ಇಲ್ಲ ಅಂತ ಅವರಿಗೂ ಗೊತ್ತಿತ್ತು. ಆದ್ರ ಮ್ಯಾನೇಜರ್ ಹತ್ರ ಸ್ಕಾಟಿಶ್ ಡ್ರೆಸ್ ಇದ್ವು, ಅದಕ್ಕ ಕಥೀನ ಅಲ್ಲಿಗೆ ಹೋತು. ಓದಿದ ದಿನ ಟ್ರಂಕು ತಗದು ಜರಿ ಮ್ಯಾಲ ಕೈ ಆಡಿಸಿದೆ. ಪೆಟ್ಟಿಗ್ಯಾಗ ಏನೈತೋ ಅದರಿಂದನ ನಾಟಕ ಆಗ್ತೈತಿ, ಲಂಡನ್ನಿನ್ಯಾಗೂ ಹಂಗ.

ಅಯ್ಯ, ಬಾಗಲಕ್ಕ ಬಂದೀವಿ. ಇದು ಕಾಕಾರ ಮನಿ, ಹಳೇ ಧಾರವಾಡದ ಓಣಿ. ರೋಣದ ಕಡೆ ಜಾತ್ರಿಗೆ ಊರ ಹುಡುಗೂರು ನಾಟಕ ಹಚ್ಯಾರಂತ, ಬಣ್ಣ ಇವರದ. ರಾಜನ ಪಾರ್ಟಿಗೆ ಬೆನ್ನಿಗೆ ಬಿಡೂ ಬಟ್ಟಿ ಸಿಗವಲ್ದು ಅಂತ ಫೋನ್ ಮಾಡಿದ್ರು. ಕೊಡಾಕ ತಂದೇನಿ. “ಕೊಟ್ಟು ಬಿಡ್ತಿಯೇನು?” ಅಂತ ಎರಡು ಸಲ ಕೇಳಿದ್ರು. ಹೌದ್ರಿ ಕಾಕಾ ಅಂದೆ.

ನೋಡ್ರಿ, ಬೆಳಕಿಗೆ ಹಿಡದ್ರು. ಕಾಲರಿನ ಹೊಲಗಿ ಹೆಬ್ಬಟ್ಟಿಲೆ ಬಿಚ್ಚಾಕತ್ಯಾರ. ಕ್ಯಾನ್ವಾಸ್ ಸಂದಿನಿಂದ ಅಂಗೈ ಮ್ಯಾಲ ಉದರಿದ್ವು, ಒಣಗಿ ಎಳ್ಳಿನಷ್ಟು ಆಗ್ಯಾವ. ಇರುವಿ. ಕಾಕಾ ಉಫ್ ಅಂತ ಊದಿ, ಕೆಂಪು ಮಗ್ಗಲ ಹೊರಗ ಮಾಡಿ ತಿರುವಿದ್ರು, ಕಲಿ ಒಳಗ ಹೋತು.

ಬ್ಯಾಟರಿ ಮುಗ್ಯಾಕ ಬಂದೈತಿ. ಕಾಕಾಗ ಕಣ್ಣು ಸರಿಯಾಗಿ ಕಾಣವಲ್ದು, ಸೂಜಿಗೆ ದಾರ ನಾನ ಪೋಣಿಸಬೇಕು. ಇಡ್ತೀನ್ರಿ.