ಖಾಲಿದ್ ಜಮೀಲ್ ಕೈಗೆ ಸಿಕ್ಕ ಎರಡು ವಾರ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಫುಟ್‌ಬಾಲ್ ಬಗ್ಗೆ ಮಾತು ಕೇಳೋಕೆ ಇಷ್ಟು ಜನ ಸೇರಿದ್ದೀರಲ್ಲ, ತುಂಬಾ ಖುಷಿಯಾಯಿತು. ಕೆಜಿಎಫ್‌ನಿಂದ ಬಂದಿರುವ ಹಿರಿಯ ಆಟಗಾರರಿಗೆ ವಿಶೇಷ ನಮಸ್ಕಾರ. ಗಣಿ ಕಾಲೋನಿಗಳಲ್ಲಿ ಈ ಆಟವನ್ನು ಬೆಳೆಸಿದವರು ನೀವು.

ಇವತ್ತಿನ ವಿಷಯ ಭಾರತ ತಂಡದ ಕೋಚ್ ಖಾಲಿದ್ ಜಮೀಲ್ ಮಾಡಿಕೊಂಡ ತಯಾರಿ, ಅದರ ಬಗ್ಗೆ ಎದ್ದ ಅನುಮಾನಗಳು. 2025ರ ಆಗಸ್ಟ್ 1ರಂದು ಅವರ ನೇಮಕವಾಯಿತು. ಅವರಿಗಿಂತ ಮುಂಚೆ ಸ್ಪೇನ್‌ನ ಮನೋಲೊ ಮಾರ್ಕೆಜ್ ಇದ್ದರು. ಅವರ ಕಾಲದಲ್ಲಿ ಭಾರತ ಎಂಟು ಪಂದ್ಯಗಳಲ್ಲಿ ಗೆದ್ದಿದ್ದು ಒಂದೇ ಒಂದು. ಸಾವಿಯೊ ಮೆಡೈರಾ ಆದ ಮೇಲೆ ಭಾರತೀಯರೊಬ್ಬರಿಗೆ ಈ ಜವಾಬ್ದಾರಿ ಸಿಕ್ಕಿದ್ದು ಹದಿಮೂರು ವರ್ಷದ ನಂತರ. 2017ರಲ್ಲಿ ಮಿಜೋರಾಂನ ಐಜ್ವಾಲ್‌ನಂಥ ಪುಟ್ಟ ಕ್ಲಬ್‌ಗೆ ರಾಷ್ಟ್ರ ಮಟ್ಟದ ಐ-ಲೀಗ್ ಗೆದ್ದುಕೊಟ್ಟವರು ಜಮೀಲ್. ಅಂಥವರ ಬಗ್ಗೆ ಅನುಮಾನ ಯಾಕೆ? ಅವರ ತಂಡಗಳು ಹಿಂದೆ ನಿಂತು ಗೋಲು ಕಾಯುತ್ತವೆ, ಉದ್ದುದ್ದ ಚೆಂಡು ಹೊಡೆಯುತ್ತವೆ, ದೇಶದ ತಂಡಕ್ಕೆ ಅಷ್ಟು ಸಾಲದು ಅಂತ ಹೇಳಿದವರು ಜಾಸ್ತಿ.

ನನಗೆ ಆ ಮಾತು ಅರ್ಧ ಸರಿ ಅನ್ನಿಸುತ್ತದೆ. ಅವರ ಕೈಗೆ ಸಿಕ್ಕಿದ್ದೇನು ನೋಡೋಣ. ಆಗಸ್ಟ್ ಮಧ್ಯದಲ್ಲಿ ಇಲ್ಲೇ ಬೆಂಗಳೂರಿನಲ್ಲಿ ಕ್ಯಾಂಪ್ ಶುರುವಾಯಿತು. ಆಗಸ್ಟ್ 29ಕ್ಕೆ ತಜಿಕಿಸ್ತಾನದಲ್ಲಿ ಕಾಫಾ ನೇಷನ್ಸ್ ಕಪ್, ಅಂದರೆ ಮಧ್ಯ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಟೂರ್ನಿಯ ಮೊದಲ ಪಂದ್ಯ. ಅಂದರೆ ಎರಡು ವಾರ ಅಷ್ಟೇ. ಅದರಲ್ಲೂ ಎಲ್ಲ ಆಟಗಾರರೂ ಬರಲಿಲ್ಲ. ಫಿಫಾ ಗೊತ್ತು ಮಾಡಿದ ದಿನಗಳಲ್ಲಿ ಮಾತ್ರ ಕ್ಲಬ್‌ಗಳು ಆಟಗಾರರನ್ನು ದೇಶದ ತಂಡಕ್ಕೆ ಕಳಿಸಲೇಬೇಕು. ಆ ದಿನಗಳು ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಹಾಗಾಗಿ ಕೋಲ್ಕತ್ತಾದ ಮೋಹನ್ ಬಗಾನ್ ಕ್ಲಬ್ ತನ್ನ ಆಟಗಾರರನ್ನು ಕಳಿಸಲಿಲ್ಲ. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ಹೊಸ ಕೋಚ್ ಏನು ಮಾಡಬೇಕು?

ಮಾಡಿದ್ದನ್ನು ಹೇಳುತ್ತೇನೆ, ಇಲ್ಲಿರುವ ದೈಹಿಕ ಶಿಕ್ಷಕರು ಗಮನವಿಟ್ಟು ಕೇಳಿ. ತಜಿಕಿಸ್ತಾನದ ವಿರುದ್ಧ ಐದನೇ ನಿಮಿಷ. ಚೆಂಡು ಪಕ್ಕದ ಗೆರೆ ದಾಟಿ ಭಾರತಕ್ಕೆ ಥ್ರೋ ಸಿಕ್ಕಿತು. ಉವೈಸ್ ಚೆಂಡನ್ನು ಹತ್ತಿರದವರಿಗೆ ಕೊಡದೆ, ಎರಡೂ ಕೈಯಲ್ಲಿ ಬೀಸಿ ನೇರ ಪೆನಾಲ್ಟಿ ಬಾಕ್ಸ್ ಒಳಗೇ ಎಸೆದರು. ಅನ್ವರ್ ಅಲಿ ತಲೆ ಕೊಟ್ಟರು, ಗೋಲು. ಹದಿಮೂರನೇ ನಿಮಿಷಕ್ಕೆ ಸಂದೇಶ್ ಝಿಂಗಾನ್ ಇನ್ನೊಂದು ಗೋಲು ಹೊಡೆದರು. ಇಬ್ಬರೂ ಡಿಫೆಂಡರ್‌ಗಳು. ಆಮೇಲೆ ಗೋಲ್‌ಕೀಪರ್ ಗುರ್‌ಪ್ರೀತ್ ಒಂದು ಪೆನಾಲ್ಟಿ ತಡೆದರು. 2-1ರಲ್ಲಿ ನಾವು ಗೆದ್ದೆವು.

ಇದು ಸುಮ್ನೆ ಸಿಕ್ಕ ಗೆಲುವಲ್ಲ. ಉದ್ದ ಥ್ರೋ, ಫ್ರೀ ಕಿಕ್, ಕಾರ್ನರ್, ಗೋಲಿನ ಮುಂದೆ ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ಹಿಡಿಯಬೇಕು. ಇಷ್ಟನ್ನು ಎರಡು ವಾರದಲ್ಲಿ ಕಲಿಸಬಹುದು. ನೆಲದ ಮೇಲೆ ಚೆಂಡು ಆಡುತ್ತಾ, ನೋಡದೆಯೇ ಪಕ್ಕದವನು ಎಲ್ಲಿದ್ದಾನೆ ಅಂತ ಗೊತ್ತಾಗುವಂಥ ಹೊಂದಾಣಿಕೆ ಎರಡು ವಾರದಲ್ಲಿ ಬರುವುದಿಲ್ಲ. ಜಮೀಲ್ ಇದ್ದಷ್ಟು ಸಮಯಕ್ಕೆ ತಕ್ಕ ಪಾಠ ಆರಿಸಿಕೊಂಡರು. ಇರಾನ್ ಎದುರು 3-0ರಲ್ಲಿ ಸೋತೆವು, ಅಫ್ಘಾನಿಸ್ತಾನದ ಜತೆ ಗೋಲಿಲ್ಲದ ಡ್ರಾ ಆಯಿತು. ಆದರೂ ಮೂರನೇ ಸ್ಥಾನದ ಪಂದ್ಯದಲ್ಲಿ, ರ‍್ಯಾಂಕಿಂಗ್‌ನಲ್ಲಿ ನಮಗಿಂತ ತುಂಬಾ ಮೇಲಿದ್ದ ಒಮಾನ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿದೆವು.

ಅಕ್ಟೋಬರ್‌ನಲ್ಲಿ ಪಾಠ ಸಾಲದೆ ಹೋಯಿತು. ಏಷ್ಯನ್ ಕಪ್ ಅರ್ಹತಾ ಪಂದ್ಯ, ಸಿಂಗಪುರದಲ್ಲಿ 1-1. ಐದು ದಿನ ಬಿಟ್ಟು ಗೋವಾದ ಮಡಗಾಂವ್‌ನಲ್ಲಿ ಅದೇ ಸಿಂಗಪುರದ ಎದುರು ನಮ್ಮ ಛಾಂಗ್ಟೆ ಹದಿನಾಲ್ಕನೇ ನಿಮಿಷದಲ್ಲೇ ಗೋಲು ಹೊಡೆದರು. ಆದರೂ 2-1ರಲ್ಲಿ ಸೋತೆವು. 2027ರ ಏಷ್ಯನ್ ಕಪ್ ದಾರಿ ಅಲ್ಲಿಗೇ ಮುಚ್ಚಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ 1-0ಯಲ್ಲಿ ಸೋತೆವು. ಮುನ್ನಡೆ ಸಿಕ್ಕ ಮೇಲೆ ಚೆಂಡನ್ನು ನಮ್ಮ ಕಾಲಲ್ಲೇ ಇಟ್ಟುಕೊಂಡು ಆಟದ ಬಿಸಿ ಇಳಿಸಬೇಕಲ್ಲ, ಅದು ನಮ್ಮವರಿಗೆ ಬರಲಿಲ್ಲ. ಅನುಮಾನಪಟ್ಟವರ ಮಾತು ಅರ್ಧ ಸರಿ ಅಂದಿದ್ದು ಇದಕ್ಕೇ.

ಹಾಗಾದರೆ ಕ್ಯಾಂಪ್ ಉದ್ದ ಮಾಡಿದರೆ ಆಯಿತು ಅಲ್ವಾ? ಅದನ್ನೂ ಮಾಡಿ ನೋಡಿದ್ದೇವೆ. 2011ರಲ್ಲಿ 27 ವರ್ಷದ ನಂತರ ಏಷ್ಯನ್ ಕಪ್‌ಗೆ ಹೋದಾಗ ಬಾಬ್ ಹೌಟನ್ ಕೋಚ್. ತಿಂಗಳುಗಟ್ಟಲೆ ತಂಡವನ್ನು ಜತೆಯಲ್ಲಿಟ್ಟುಕೊಂಡು ತಯಾರಿ ಮಾಡಿದ್ದರು. ದೋಹಾದಲ್ಲಿ ಆಸ್ಟ್ರೇಲಿಯಾ 4-0, ಬಹ್ರೇನ್ 5-2, ದಕ್ಷಿಣ ಕೊರಿಯಾ 4-1ರಲ್ಲಿ ನಮ್ಮನ್ನು ಸೋಲಿಸಿದವು. ಮುಂದೆ ಕೋಚ್ ಆದ ಇಗೊರ್ ಸ್ಟಿಮಾಚ್ ಉದ್ದದ ಕ್ಯಾಂಪ್ ಬೇಕು ಅಂತ ಪಟ್ಟು ಹಿಡಿದರು, ಸಿಗಲಿಲ್ಲ. ಅವರ ತಂಡ 2024ರ ಏಷ್ಯನ್ ಕಪ್‌ನಲ್ಲಿ ಮೂರೂ ಪಂದ್ಯ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. ಕ್ಯಾಂಪ್ ಇದ್ದಾಗಲೂ ಸೋಲು, ಇಲ್ಲದಾಗಲೂ ಸೋಲು.

ಕೊರತೆ ಇರುವುದು ಪಂದ್ಯಗಳದ್ದು ಅಂತ ನನ್ನ ಗಟ್ಟಿ ನಂಬಿಕೆ. ಜಮೀಲ್ ತಂಡ ಸಿಂಗಪುರದ ಎದುರು ಆಡಿದಾಗ ನಮ್ಮ ದೇಶದ ದೊಡ್ಡ ಲೀಗ್ ನಿಂತಿತ್ತು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), ಒಪ್ಪಂದದ ಜಗಳದಲ್ಲಿ ಸಿಕ್ಕಿ 2026ರ ಫೆಬ್ರವರಿಗೆ ಹೋಯಿತು. ವಾರಕ್ಕೊಂದು ಪಂದ್ಯ ಆಡದ ಆಟಗಾರನಿಗೆ ಎಂಥ ಕೋಚ್ ಬಂದು ಏನು ಹೇಳಿಕೊಟ್ಟರೂ ಎಪ್ಪತ್ತನೇ ನಿಮಿಷಕ್ಕೆ ಕಾಲು ಸೋಲುತ್ತದೆ, ಕಾಲಿನ ಜತೆ ತಲೆಯೂ.

ಇಲ್ಲಿ ರಹೀಮ್ ಸಾಹೇಬರನ್ನು ನೆನೆಯದೆ ಮುಂದಕ್ಕೆ ಹೋಗಲಾರೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಆಗಿನ ಭಾರತ ತಂಡದ ಕೋಚ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವರನ್ನು ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಮಾಡಿ ಇಳಿಸಿದರು! ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ದಕ್ಷಿಣ ಕೊರಿಯಾವನ್ನು 2-1ರಲ್ಲಿ ಸೋಲಿಸಿ ಚಿನ್ನ ತಂದೆವು. ಇಂಥ ಧೈರ್ಯ ಎಲ್ಲಿಂದ ಬರುತ್ತದೆ? ರಹೀಮ್ 1950ರಿಂದ ತಂಡದ ಜತೆಗಿದ್ದರು. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್, ಜರ್ನೈಲ್ ಎಲ್ಲರೂ 1960ರ ರೋಮ್ ಒಲಿಂಪಿಕ್ಸ್‌ನಲ್ಲೂ ಜತೆಯಾಗಿ ಆಡಿದವರು. ಯಾರ ಕಾಲಲ್ಲಿ ಏನಿದೆ ಅಂತ ಕೋಚ್‌ಗೆ ಚೆನ್ನಾಗಿ ಗೊತ್ತಿತ್ತು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಇಲ್ಲಿರುವ ಹುಡುಗರಿಗೆ ಗೊತ್ತು, ಜಿಲ್ಲಾ ತಂಡ ಹೇಗೆ ಆಗುತ್ತದೆ ಅಂತ. ಬೇರೆ ಬೇರೆ ಕಾಲೇಜಿನವರನ್ನು ಆರಿಸುತ್ತಾರೆ, ಕೆಲವೇ ದಿನದಲ್ಲಿ ರಾಜ್ಯ ಮಟ್ಟಕ್ಕೆ ಬಸ್ ಹತ್ತಿಸುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಗುವಷ್ಟರಲ್ಲಿ ಮೊದಲ ಪಂದ್ಯ ಸೋತು ವಾಪಸ್ ಬಂದಿರುತ್ತಾರೆ. ಜಮೀಲ್ ಅವರ ಕಷ್ಟವೂ ಇದೇ. ನಾವು ಕೂತಿರುವ ಜಾಗದಿಂದ ಐಎಸ್‌ಎಲ್ ಸರಿ ಮಾಡೋಕೆ ಆಗುವುದಿಲ್ಲ. ನಮ್ಮ ಕೈಲಿರುವುದು, ಸೋತ ತಂಡ ಅಲ್ಲಿಗೇ ಹೊರಗೆ ಹೋಗುವ ನಾಕೌಟ್ ಪದ್ಧತಿ ಬಿಡುವುದು. ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್. ಆರು ತಾಲ್ಲೂಕಿನ ತಂಡಗಳು ಒಬ್ಬರ ಮೇಲೊಬ್ಬರು ಒಂದೊಂದು ಸಲ ಆಡಿದರೆ ಒಟ್ಟು 15 ಪಂದ್ಯ. ಪ್ರತಿ ತಂಡಕ್ಕೂ ಐದು ಪಂದ್ಯ ಸಿಗುತ್ತದೆ. ನಾಕೌಟ್‌ನಲ್ಲಿ ಮೊದಲ ಪಂದ್ಯವನ್ನೇ ಸೋತ ತಂಡಕ್ಕೆ ಸಿಗುವುದು ಒಂದೇ.

ಖರ್ಚು ಜಾಸ್ತಿ ಅನ್ನುತ್ತೀರಿ, ಒಪ್ಪುತ್ತೇನೆ. ಭಾನುವಾರ ಭಾನುವಾರ ಇಟ್ಟುಕೊಂಡರೆ ಹುಡುಗರಿಗೆ ಉಳಿದುಕೊಳ್ಳುವ ಖರ್ಚಿಲ್ಲ, ಬಸ್ ಚಾರ್ಜ್ ಮತ್ತು ಊಟ ಅಷ್ಟೇ. ರೆಫರಿಗಳಾಗಿ ಬರುವುದಕ್ಕೆ ಕೆಜಿಎಫ್ ಹಿರಿಯರು ಇಲ್ಲೇ ಇದ್ದಾರೆ, ಅವರನ್ನು ಈಗಲೇ ಕೇಳುತ್ತಿದ್ದೇನೆ. ಆರು ತಾಲ್ಲೂಕಿನಿಂದ ಬಂದಿರುವ ದೈಹಿಕ ಶಿಕ್ಷಕರು ಚಹಾ ಕುಡಿದ ಮೇಲೆ ಹತ್ತು ನಿಮಿಷ ಇಲ್ಲೇ ಉಳಿಯಿರಿ, ಮೊದಲ ಭಾನುವಾರ ಯಾವುದು ಅಂತ ಗೊತ್ತು ಮಾಡಿಕೊಂಡೇ ಹೋಗೋಣ.