ಕೊನೆಯ ಎರಡು ನಿಮಿಷದ ಪರೀಕ್ಷೆ ಇನ್ನೂ ಬಾಕಿ ಇದೆ

ಎಲ್ಲರಿಗೂ ನಮಸ್ಕಾರ.

ಈ ವರ್ಷ, ಅಂದರೆ 2024ರಲ್ಲಿ, ಗಣೇಶನ ಹಬ್ಬ ಸೆಪ್ಟೆಂಬರ್ 7ರಂದು, ಶನಿವಾರ ಬಂತು. ಅದೇ ಸಂಜೆ ಇಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿನಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೂ ಕೊಲರಾಡೊ ವಿಶ್ವವಿದ್ಯಾಲಯಕ್ಕೂ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಬೆಳಿಗ್ಗೆ ಪೂಜೆ ಮುಗಿಸಿ, ಕಡುಬು ತಿಂದು, ಮೂರು ಗಂಟೆಗೆ ಕಾರು ಹತ್ತಿದೆವು. ಒಮಾಹಾದಿಂದ ಲಿಂಕನ್‌ಗೆ ಒಂದು ಗಂಟೆ ದಾರಿ. ಹೆದ್ದಾರಿಯ ತುಂಬ ನಮ್ಮ ತಂಡದ ಕೆಂಪು ಅಂಗಿ ತೊಟ್ಟವರ ಕಾರುಗಳೇ. ನನ್ನ ಮಗಳು ಹಣೆಯ ಕುಂಕುಮ ಹಾಗೇ ಇಟ್ಟುಕೊಂಡು ಬಂದಿದ್ದಳು. "ಇದೂ ಕೆಂಪೇ ಅಲ್ವಾ ಅಮ್ಮಾ" ಅಂದಳು.

ಆ ಪಂದ್ಯವನ್ನು ನಮ್ಮವರು, ಅಂದರೆ ನೆಬ್ರಾಸ್ಕಾದವರು, 28-10ರಿಂದ ಗೆದ್ದರು. ಅದಕ್ಕೂ ಮೊದಲು ಟೆಕ್ಸಸ್-ಎಲ್ ಪಾಸೊ ತಂಡವನ್ನು 40-7ರಿಂದ ಸೋಲಿಸಿದ್ದರು. ನಿನ್ನೆ ರಾತ್ರಿ ನಾರ್ದರ್ನ್ ಅಯೋವಾ ವಿರುದ್ಧ 34-3. ಮೂರಕ್ಕೆ ಮೂರು ಗೆಲುವು. ದೇಶದ ಮೊದಲ 25 ಕಾಲೇಜು ತಂಡಗಳ ಪಟ್ಟಿಯಲ್ಲಿ ಕಳೆದ ವಾರ ನಮಗೆ 23ನೇ ಸ್ಥಾನ ಸಿಕ್ಕಿತು. 2019ರ ನಂತರ ಇದೇ ಮೊದಲು. ಬೆಳಿಗ್ಗೆಯಿಂದ ಇಲ್ಲಿ ಹತ್ತು ಜನ ನನ್ನನ್ನು ಕೇಳಿದ್ದೀರಿ: "ಏನ್ರೀ, ನಮ್ಮ ತಂಡ ಸರಿ ಹೋಯ್ತಾ?"

ಅದಕ್ಕೆ ಉತ್ತರ ಕೊಡಬೇಕು ಅಂತಲೇ ಇವತ್ತು ನಿಂತಿದ್ದೇನೆ. ನನಗೆ ತುಂಬಾ ಖುಷಿಯಾಗಿದೆ. ಆದರೆ ಬಿಗಿಯಾದ ಪಂದ್ಯಗಳನ್ನು ಕೊನೆಯಲ್ಲಿ ಸೋಲುವುದು ಈ ತಂಡದ ನಿಜವಾದ ಕಾಯಿಲೆ. ಅದು ವಾಸಿಯಾಗಿದೆಯೋ ಇಲ್ಲವೋ ಅನ್ನೋದನ್ನು ಈ ಮೂರು ಪಂದ್ಯಗಳು ತೋರಿಸಿಲ್ಲ. ತೋರಿಸುವ ಸಂದರ್ಭವೇ ಬಂದಿಲ್ಲ.

ಊರಿಂದ ಬಂದಿರುವ ಅಪ್ಪ ಅಮ್ಮಂದಿರು ಇಲ್ಲಿ ಕೂತಿದ್ದೀರಿ. ನಿಮಗಾಗಿ ಆಟವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ. ಕೊನೆಯ ಗೆರೆ ದಾಟಿದರೆ ಆರು ಅಂಕ, ಅದರ ಮೇಲೆ ಒಂದು ಒದೆತಕ್ಕೆ ಇನ್ನೊಂದು. ದಾಟಲು ಆಗದಿದ್ದರೆ ದೂರದಿಂದಲೇ ಕಂಬಗಳ ನಡುವೆ ಒದ್ದು ಮೂರು ಅಂಕ ತೆಗೆದುಕೊಳ್ಳಬಹುದು. ನನಗೆ ಇದನ್ನು ಕಲಿಸಿದವರು ನಮ್ಮ ಪಕ್ಕದ ಮನೆಯ ಅಜ್ಜಿ. 2011ರಲ್ಲಿ ನಾವು ಬಂದ ಹೊಸತು. ಅವರ ಅಡುಗೆಮನೆಯ ಮೇಜಿನ ಮೇಲೆ ಜೋಳದ ಕಾಳು ಸಾಲಾಗಿ ಇಟ್ಟು, ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಯಾರನ್ನು ತಡೆಯುತ್ತಾರೆ ಅಂತ ತೋರಿಸಿದರು. ಆ ಕಾಳು ನೋಡಿ ನನಗೆ ಊರು ನೆನಪಾಯಿತು. ನಾನು ರಾಣೆಬೆನ್ನೂರಿನ ಕಡೆಯವಳು. ನಮ್ಮಲ್ಲಿ ಅದನ್ನು ಗೋವಿನಜೋಳ ಅಂತೀವಿ. ಹೊಲಗಟ್ಟಲೆ ಅದೇ. ಇಲ್ಲಿನ ತಂಡದ ಹೆಸರು ಕಾರ್ನ್‌ಹಸ್ಕರ್ಸ್. ತೆನೆಯ ಸಿಪ್ಪೆ ಸುಲಿಯುವವರು ಅಂತ ಅರ್ಥ. ರೈತನ ಕೆಲಸವನ್ನೇ ಹೆಸರಾಗಿ ಇಟ್ಟುಕೊಂಡ ತಂಡ ಅಂತ ಗೊತ್ತಾದ ದಿನದಿಂದ ಅದು ನನ್ನದೂ ಆಯಿತು.

ಈ ತಂಡ ಒಂದು ಕಾಲದಲ್ಲಿ ಎಷ್ಟು ದೊಡ್ಡದಾಗಿತ್ತು ಅಂತ ಇಲ್ಲಿನ ಮಕ್ಕಳಿಗೇ ಗೊತ್ತಿಲ್ಲ. 1970, 1971, 1994, 1995, 1997 - ಐದು ಸಲ ದೇಶಕ್ಕೇ ಮೊದಲ ಸ್ಥಾನ. ಕೋಚ್ ಬಾಬ್ ಡೆವೆನಿ ಕಟ್ಟಿದರು, ಅವರ ನಂತರ ಕೋಚ್ ಟಾಮ್ ಆಸ್ಬೋರ್ನ್ 25 ಸೀಸನ್ ನಡೆಸಿದರು. ಆಸ್ಬೋರ್ನ್ ಅವರ ಲೆಕ್ಕ 255 ಗೆಲುವು, 49 ಸೋಲು. ಆಮೇಲೆ ಕೋಚ್‌ಗಳು ಬದಲಾಗುತ್ತಾ ಹೋದರು. ಸೀಸನ್ ಮುಗಿದ ಮೇಲೆ ಆಡುವ ಬೋಲ್ ಪಂದ್ಯಕ್ಕೆ ಹೋಗಲು ಆರು ಗೆಲುವು ಬೇಕು. 2016ರ ನಂತರ 2023ರವರೆಗೆ ನಾವು ಒಂದು ಸಲವೂ ಅಷ್ಟು ಗೆಲ್ಲಲಿಲ್ಲ. ಏಳು ವರ್ಷ.

ಇದರಲ್ಲಿ ಹೆಚ್ಚು ನೋವು ಕೊಟ್ಟಿದ್ದು ಸ್ಕಾಟ್ ಫ್ರಾಸ್ಟ್ ಅವರ ಕಾಲ. ಇದೇ ರಾಜ್ಯದ ಹುಡುಗ. 1997ರಲ್ಲಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಕೋಚ್ ಆಗಿ ಫ್ಲಾರಿಡಾದಲ್ಲಿ ಒಂದೂ ಸೋಲಿಲ್ಲದ ಸೀಸನ್ ಮುಗಿಸಿ 2017ರ ಕೊನೆಗೆ ಮನೆಗೆ ಮರಳಿದರು. ಇಡೀ ರಾಜ್ಯ ಹಬ್ಬ ಮಾಡಿತು. ಕೊನೆಗೆ ಉಳಿದಿದ್ದು 16 ಗೆಲುವು, 31 ಸೋಲು. 2022ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದರು. ಆ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಇದೆ. ಎಂಟು ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದ ಪಂದ್ಯಗಳಲ್ಲಿ ಅವರು ಗೆದ್ದಿದ್ದು 5, ಸೋತಿದ್ದು 22. ಒಂದೆರಡು ಸಲ ಆದರೆ ದುರದೃಷ್ಟ ಅನ್ನಬಹುದು. 22 ಸಲ ಆದರೆ ಅದು ಅಭ್ಯಾಸ.

ಹೊಸ ಕೋಚ್ ಮ್ಯಾಟ್ ರೂಲ್ ಬಂದ ಮೊದಲ ವರ್ಷ, ಅಂದರೆ ಹೋದ ವರ್ಷ, ಆ ಅಭ್ಯಾಸ ಹೋಗಲಿಲ್ಲ. 2023ರಲ್ಲಿ ಮೂರು ಪಂದ್ಯಗಳನ್ನು ನಾವು ಸೋತಿದ್ದು ಒಂದೇ ಅಂಕಿಯಲ್ಲಿ: 13-10. ಮಿನ್ನೆಸೋಟಾ, ಮೇರಿಲ್ಯಾಂಡ್, ಅಯೋವಾ. ಮೂರರಲ್ಲೂ ಗಡಿಯಾರ ಸೊನ್ನೆಗೆ ಬರುವ ಹೊತ್ತಿಗೆ ಎದುರಾಳಿ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಐದು ಗೆಲುವು ಆಗಿತ್ತು, ಇನ್ನೊಂದೇ ಒಂದು ಬೇಕಿತ್ತು. ಕೊನೆಯ ನಾಲ್ಕೂ ಪಂದ್ಯ ಸೋತೆವು. ನಾಲ್ಕರಲ್ಲೂ ಅಂತರ ಏಳು ಅಂಕಕ್ಕಿಂತ ಜಾಸ್ತಿ ಇರಲಿಲ್ಲ.

ಅಯೋವಾ ಪಂದ್ಯದ ದಿನ ನಾನು ಮೈದಾನದಲ್ಲಿದ್ದೆ. ಥ್ಯಾಂಕ್ಸ್‌ಗಿವಿಂಗ್ ಮರುದಿನ. ಕೈಗವಸಿನೊಳಗೂ ಬೆರಳು ಮರಗಟ್ಟುವ ಚಳಿ. ಸ್ಕೋರು 10-10. ಇನ್ನು ಕೆಲವೇ ಕ್ಷಣ ಇದ್ದಾಗ ಅವರು ಎಸೆದ ಚೆಂಡನ್ನು ನಮ್ಮವರು ಹಿಡಿದರು. ಇಡೀ ಮೈದಾನ ಎದ್ದು ನಿಂತಿತು. ಮುಂದಿನ ಎಸೆತದಲ್ಲೇ ನಮ್ಮವರ ಚೆಂಡನ್ನು ಅವರು ಹಿಡಿದರು. ಆಮೇಲೆ ಆ ಒದೆತ. ಪಕ್ಕದಲ್ಲಿ ಅಜ್ಜಿ ಏನೂ ಮಾತಾಡಲಿಲ್ಲ. ತಮ್ಮ ಕಂಬಳಿ ಮಡಚಿದರು, ನನ್ನ ಮಗಳ ಟೋಪಿ ಸರಿ ಮಾಡಿದರು, ನಡೆದರು. ಆ ಮೌನ ನನಗೆ ಇವತ್ತಿಗೂ ಕೇಳಿಸುತ್ತದೆ. ಆ ಹುಡುಗರೆಲ್ಲ ಇಪ್ಪತ್ತರ ಆಸುಪಾಸಿನವರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಯಾಕೆ ಹೀಗೆ ಅಂತ ಯೋಚಿಸದೆ ಇರಲು ಆಗಲಿಲ್ಲ.

ಉತ್ತರದ ಬಹುಪಾಲು ಒಂದು ಅಂಕಿಯಲ್ಲಿದೆ. ಹೋದ ವರ್ಷ 12 ಪಂದ್ಯಗಳಲ್ಲಿ ನಾವು ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟಿದ್ದು 31 ಸಲ. ಎಸೆದು ಕೊಟ್ಟಿದ್ದು, ಓಡುವಾಗ ಕೈಜಾರಿ ಕೊಟ್ಟಿದ್ದು, ಎಲ್ಲ ಸೇರಿ. ಕೈಗೆ ಬಂದ ಬೆಳೆಯನ್ನು ಕಣಕ್ಕೆ ತರುವ ಮೊದಲೇ ಚೆಲ್ಲಿಬಿಟ್ಟ ಹಾಗೆ. ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆ, ಎಷ್ಟೇ ಗಟ್ಟಿ ಇದ್ದರೂ, ಪ್ರತಿ ಪಂದ್ಯದಲ್ಲೂ ಎರಡು ಮೂರು ಸಲ ಹೀಗಾದರೆ ಗೆಲ್ಲೋದು ಹೇಗೆ?

ಈಗ ನಮ್ಮ ಕ್ವಾರ್ಟರ್‌ಬ್ಯಾಕ್ ಡಿಲನ್ ರಯೋಲಾ ಬಗ್ಗೆ ಹೇಳುತ್ತೇನೆ. ಕಾಲೇಜಿಗೆ ಈ ವರ್ಷವಷ್ಟೇ ಕಾಲಿಟ್ಟ ಹುಡುಗ. ಅವನ ಅಪ್ಪ ಡೊಮಿನಿಕ್ ರಯೋಲಾ ಇಲ್ಲೇ ಆಡಿ, ಆಮೇಲೆ ಡೆಟ್ರಾಯಿಟ್ ಲಯನ್ಸ್ ತಂಡದಲ್ಲಿ ಹೆಸರು ಮಾಡಿದವರು. ಚಿಕ್ಕಪ್ಪ ಡೊನೊವನ್ 2024ರ ಈ ಸೀಸನ್‌ನಲ್ಲಿ ನಮ್ಮ ಅಫೆನ್ಸಿವ್ ಲೈನ್ ಕೋಚ್, ಅಂದರೆ ಚೆಂಡು ಹಿಡಿದವನಿಗೆ ಕಾವಲು ನಿಂತು ದಾರಿ ಬಿಡಿಸುವ ಮುಂದಿನ ಸಾಲಿನ ಕೋಚ್. ಹುಡುಗ ಮೊದಲು ಓಹಾಯೊ ಸ್ಟೇಟ್‌ಗೆ ಬರುತ್ತೇನೆ ಅಂದಿದ್ದ, ಆಮೇಲೆ ಜಾರ್ಜಿಯಾಗೆ ಅಂದ, ಕೊನೆಗೆ ಡಿಸೆಂಬರ್‌ನಲ್ಲಿ ಮನಸ್ಸು ಬದಲಿಸಿ ಅಪ್ಪ ಆಡಿದ ಮೈದಾನಕ್ಕೇ ಬಂದ. ಎಸೆಯುವ ಶಕ್ತಿ ಎಲ್ಲರಿಗೂ ಕಾಣುತ್ತದೆ. ನನಗೆ ಹಿಡಿಸಿದ್ದು ಬೇರೆ. ಮೊದಲ ಎರಡು ಪಂದ್ಯಗಳಲ್ಲಿ ಅವನು ಎಸೆದ ಒಂದು ಚೆಂಡೂ ಎದುರಾಳಿಗೆ ಸಿಗಲಿಲ್ಲ. ಎಸೆತ ಹಿಡಿಯಲು ಯಾರೂ ಖಾಲಿ ಇಲ್ಲದಿದ್ದರೆ ಸುಮ್ನೆ ಚೆಂಡನ್ನು ಗೆರೆಯಾಚೆ ಎಸೆದು ಮುಂದಿನ ಅವಕಾಶಕ್ಕೆ ಕಾಯುತ್ತಾನೆ. ಹತ್ತೊಂಬತ್ತರ ಹುಡುಗನಿಗೆ ಆ ತಾಳ್ಮೆ ಸುಲಭ ಅಲ್ಲ. 31 ಸಲ ಚೆಂಡು ಕಳೆದುಕೊಂಡ ತಂಡಕ್ಕೆ ಬೇಕಾಗಿದ್ದೂ ಅದೇ.

ಅವನ ಎಸೆತ ಹಿಡಿಯುವವರೂ ಹೊಸಬರು. ಜಮಾಲ್ ಬ್ಯಾಂಕ್ಸ್ ವೇಕ್ ಫಾರೆಸ್ಟ್‌ನಿಂದ ಬಂದ, ಐಸಾಯಾ ನೇಯರ್ ಟೆಕ್ಸಸ್‌ನಿಂದ. ಜಕೋರಿ ಬಾರ್ನಿ ಫ್ಲಾರಿಡಾದಿಂದ ನೇರವಾಗಿ ಮೊದಲ ವರ್ಷಕ್ಕೇ ಬಂದ ಚುರುಕು ಹುಡುಗ. ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಒಂದು ಕಾಲೇಜಿನ ಹುಡುಗ ಇನ್ನೊಂದಕ್ಕೆ ಹೋಗೋದು ಸಲೀಸಾಗಿದೆ. ಕೆಲವು ಕೋಚ್‌ಗಳು ಹೆಚ್ಚುಕಡಿಮೆ ಇಡೀ ತಂಡವನ್ನೇ ಹೊರಗಿಂದ ತಂದು ಕಟ್ಟುತ್ತಾರೆ. ಕೊಲರಾಡೊ ಹಾಗೇ ಮಾಡಿದೆ. ರೂಲ್ ಹಾಗೆ ಮಾಡಲಿಲ್ಲ. ಎಲ್ಲಿ ತೂತಿದೆಯೋ ಅಲ್ಲಿಗೆ ಮಾತ್ರ ಹೊರಗಿನವರನ್ನು ತಂದರು. ಉಳಿದಿದ್ದನ್ನು ಇಲ್ಲೇ ಬೆಳೆಸುತ್ತಿದ್ದಾರೆ. ಇದು ನಿಧಾನದ ದಾರಿ. ನನ್ನ ಪ್ರಕಾರ ಇದೇ ಸರಿ.

ಹಾಗೆ ಬೆಳೆದವರನ್ನು ನೋಡಬೇಕಾದರೆ ಡಿಫೆನ್ಸ್ ನೋಡಿ. ಟೈ ರಾಬಿನ್ಸನ್ ಇಲ್ಲಿ ಆಡುತ್ತಿರುವುದು ಇದು ಆರನೇ ವರ್ಷ. ಪಕ್ಕದಲ್ಲಿ ನ್ಯಾಶ್ ಹುಟ್‌ಮಾಕರ್. ಸೌತ್ ಡಕೋಟಾದವನು, ಹೈಸ್ಕೂಲಿನಲ್ಲಿ ಕುಸ್ತಿಪಟು. ಜನ ಪ್ರೀತಿಯಿಂದ ಹಿಮಕರಡಿ ಅಂತ ಕರೆಯುತ್ತಾರೆ. ಇವರಿಬ್ಬರೂ ಫ್ರಾಸ್ಟ್ ಕಾಲದ ಸೋಲುಗಳನ್ನೂ ಹೋದ ವರ್ಷದ 13-10ಗಳನ್ನೂ ಮೈಮೇಲೆ ತೆಗೆದುಕೊಂಡವರು. ಬೇರೆ ಕಡೆ ಹೋಗಬಹುದಿತ್ತು, ಹೋಗಲಿಲ್ಲ. ಕೊಲರಾಡೊ ವಿರುದ್ಧ ಆ ಮುಂದಿನ ಸಾಲು ಆಡಿದ ರೀತಿ ನೋಡಿ ನನ್ನ ಕಣ್ಣು ತುಂಬಿತ್ತು. ಕೊಲರಾಡೊದ ಶೆಡೂರ್ ಸ್ಯಾಂಡರ್ಸ್ ಅಂಥ ಕ್ವಾರ್ಟರ್‌ಬ್ಯಾಕ್‌ಗೆ ಉಸಿರಾಡಲು ಬಿಡಲಿಲ್ಲ. ಅವನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದರು. ಟಾಮಿ ಹಿಲ್ ಅವನ ಎಸೆತ ಹಿಡಿದು ನೇರವಾಗಿ ಗೆರೆ ದಾಟಿದ. ಹೋದ ವರ್ಷ ಇದೇ ಕೊಲರಾಡೊ ನಮ್ಮನ್ನು 36-14ರಿಂದ ಸೋಲಿಸಿತ್ತು.

ಆದರೆ ಅದೇ ಪಂದ್ಯದಲ್ಲಿ ನನ್ನ ಚಿಂತೆಯೂ ಇದೆ. ಅರ್ಧ ಆಟಕ್ಕೆ 28-0. ಮುಗಿದಾಗ 28-10. ಅಂದರೆ ಎರಡನೇ ಅರ್ಧದಲ್ಲಿ ನಾವು ಒಂದು ಅಂಕವನ್ನೂ ಗಳಿಸಲಿಲ್ಲ. ಅವತ್ತು ಅದರಿಂದ ತೊಂದರೆ ಆಗಲಿಲ್ಲ. ಅರ್ಧ ಆಟಕ್ಕೆ 14-7 ಇದ್ದಿದ್ದರೆ? ಮುಂದೆ ಇರುವಾಗ ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು, ಓಡಿ ಓಡಿ ಗಡಿಯಾರ ಕರಗಿಸುವ ಶಕ್ತಿ ನಮ್ಮ ಅಫೆನ್ಸಿವ್ ಲೈನ್‌ಗೆ ಬಂದಿದೆಯಾ? ಕೊನೆಯ ಕ್ಷಣದಲ್ಲಿ 40 ಗಜದಿಂದ ಒದ್ದು ಮೂರು ಅಂಕ ತರುವ ಧೈರ್ಯ ಇದೆಯಾ? ಆಸ್ಬೋರ್ನ್ ಕಾಲದ ತಂಡಗಳು ನಾಲ್ಕನೇ ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಕೊನೆಯ ಕಾಲುಭಾಗದಲ್ಲಿ, ಎದುರಾಳಿಯನ್ನು ಬರೀ ಓಟದಿಂದಲೇ ಸುಸ್ತು ಮಾಡುತ್ತಿದ್ದವು ಅಂತ ಅಜ್ಜಿ ಹೇಳುತ್ತಾರೆ. ಅಂಥ ನಾಲ್ಕನೇ ಕ್ವಾರ್ಟರ್ ಈ ತಂಡಕ್ಕೆ ಇನ್ನೂ ಎದುರಾಗಿಲ್ಲ.

ಹಾಗಾದರೆ ಇಷ್ಟು ಭರವಸೆ ಯಾಕೆ ಅಂತ ಕೇಳುತ್ತೀರಿ. ರೂಲ್ ಅವರ ಹಿಂದಿನ ಲೆಕ್ಕ ನೋಡಿ. ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 2 ಗೆಲುವು, ಎರಡನೇ ವರ್ಷ 6, ಮೂರನೇ ವರ್ಷ 10. ಬೇಯ್ಲರ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 1, ಎರಡನೇ ವರ್ಷ 7, ಮೂರನೇ ವರ್ಷ 11. ಎರಡೂ ಕಡೆ ಎರಡನೇ ವರ್ಷ ಅನ್ನೋದು ಬೇರು ಹಿಡಿಯುವ ವರ್ಷ. ಇಲ್ಲಿ ಅವರಿಗೆ ಇದು ಎರಡನೇ ವರ್ಷ. ಅದಕ್ಕೇ ನಾನು ಈ ಸಲ ದೊಡ್ಡ ಕಪ್ ಕೇಳುತ್ತಿಲ್ಲ. ಏಳು ಗೆಲುವು ಬಂದರೆ ಚೆನ್ನಾಗಿ ನಡೆದ ವರ್ಷ ಅಂತೀನಿ. ಅಕ್ಟೋಬರ್ ಕೊನೆಗೆ ಓಹಾಯೊ ಸ್ಟೇಟ್ ಇದೆ, ನವೆಂಬರ್‌ನಲ್ಲಿ ಯುಎಸ್‌ಸಿ, ವಿಸ್ಕಾನ್ಸಿನ್, ಮತ್ತೆ ಅಯೋವಾ. ಕೆಲವು ಸೋಲು ಬರುತ್ತವೆ. ಆಗ ಈ ಹುಡುಗರನ್ನು ಬೈಯಬೇಡಿ ಅಂತ ಈಗಲೇ ಕೇಳಿಕೊಳ್ಳುತ್ತೇನೆ. ಐಪಿಎಲ್‌ನಲ್ಲಿ 17 ಸೀಸನ್ "ಈ ಸಲ ಕಪ್ ನಮ್ದೇ" ಅಂದುಕೊಂಡೇ ಕೂತವರು ನಾವು. ಕಾಯೋದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿನ ಜನರಿಗೂ ಅಷ್ಟೇ. ಬರುವ ಶುಕ್ರವಾರ ರಾತ್ರಿ ಇಲಿನಾಯ್ ತಂಡ ಲಿಂಕನ್‌ಗೆ ಬರುತ್ತದೆ. ಅವರೂ ಇಲ್ಲಿವರೆಗೆ ಸೋತಿಲ್ಲ. ಅವತ್ತು ಮೆಮೊರಿಯಲ್ ಸ್ಟೇಡಿಯಂ ಸತತವಾಗಿ 400ನೇ ಸಲ ಭರ್ತಿಯಾಗುತ್ತದೆ. 1962ರ ನವೆಂಬರ್‌ನಿಂದ ಒಂದು ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲ. ಈ ಸರಣಿ ಶುರುವಾಗಿದ್ದು ಮಿಸ್ಸೂರಿ ವಿರುದ್ಧ. ಆ ಪಂದ್ಯ ನಮ್ಮವರು ಸೋತಿದ್ದರು. ಇತ್ತೀಚಿನ ಸೋಲಿನ ದಿನಗಳಲ್ಲಿ ಟಿಕೆಟ್ ಉಳಿಯುವ ಹಾಗಾದಾಗ ದಾನಿಗಳು ಅವನ್ನು ಕೊಂಡು, ಮೈದಾನವನ್ನೇ ನೋಡಿರದ ಬಡಮನೆಯ ಮಕ್ಕಳಿಗೆ ಕೊಟ್ಟರು. ಹಾಗಾದರೆ ಅದು ನಿಜವಾದ ಸರಣಿ ಅಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಇಡೀ ರಾಜ್ಯದಲ್ಲಿ ಇರೋದೇ 20 ಲಕ್ಷ ಜನ. ಈಗ ಒಂದೊಂದು ಪಂದ್ಯಕ್ಕೆ 85 ಸಾವಿರಕ್ಕೂ ಹೆಚ್ಚು ಮಂದಿ ಬರುತ್ತಾರೆ. 62 ವರ್ಷ, ಗೆದ್ದರೂ ಸೋತರೂ ಜನ ಬಂದು ಕೂತಿದ್ದಾರೆ. ಒಂದು ಮಗುವನ್ನು ಕರೆತಂದು ಕೂರಿಸಿದರೆ ಆ ಲೆಕ್ಕ ಹೇಗೆ ಕಡಿಮೆಯಾಗುತ್ತದೆ?

ಇಲಿನಾಯ್ ಪಂದ್ಯ ಬಿಗಿಯಾಗಿ ನಡೆಯುತ್ತದೆ ಅಂತ ನನ್ನ ಅಂದಾಜು. ನಡೆಯಲಿ ಅಂತಲೇ ನನ್ನ ಆಸೆ. ನಾಲ್ಕನೇ ಕ್ವಾರ್ಟರ್, ಎರಡು ನಿಮಿಷ ಬಾಕಿ, ಅಂತರ ಮೂರು ಅಂಕ, ಚೆಂಡು ರಯೋಲಾ ಕೈಯಲ್ಲಿ. ಅದನ್ನು ನಾನು ನೋಡಬೇಕು. ಈ ತಂಡದ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ, ನಿನ್ನೆಯ 34-3ರಲ್ಲಿ ಇಲ್ಲ.

ಅಜ್ಜಿಗೆ ಈಗ ಮೆಟ್ಟಿಲು ಹತ್ತಲು ಕಷ್ಟ. ಆದರೂ ಶುಕ್ರವಾರ ಬರುತ್ತೇನೆ ಅಂದಿದ್ದಾರೆ. ನಾವು ಮಧ್ಯಾಹ್ನವೇ ಹೊರಡುತ್ತೇವೆ. ನಿಧಾನವಾಗಿ ಹತ್ತಿಸಿಕೊಂಡು ಹೋಗಬೇಕು. ನಮ್ಮ ಕಾರಿನಲ್ಲಿ ಇನ್ನೊಂದು ಸೀಟು ಖಾಲಿ ಇದೆ. ಬರುವವರು ಊಟದ ಟೇಬಲ್ ಹತ್ತಿರ ಬಂದು ಹೇಳಿ.